ನನ್ನ ಬೆರಳಿಂದಲೇ ಹೋದ ಒಂದು ಹೆಸರು: ಮತದಾರರ ಪಟ್ಟಿ ಆನ್‌ಲೈನ್ ಆದ ಮೇಲೆ ಅದನ್ನು ಕಾಯುವವರು ಯಾರು?

ಬಯಲುಸೀಮೆ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಜೊತೆಗೆ ಕೆಲವು ವರ್ಷದಿಂದ ನಮ್ಮೂರ ಬೂತಿನ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ. ಮತದಾರರ ಪಟ್ಟಿ ಹಿಡಿದುಕೊಂಡು ಮನೆಮನೆ ತಿರುಗುವ ಕೆಲಸ. ಇಲ್ಲಿ ಹ್ಯಾಕಿಂಗ್, ಡೀಪ್‌ಫೇಕ್, ಇವಿಎಂ ಅಂತ ತುಂಬಾ ಚರ್ಚೆ ಆಗುತ್ತದೆ, ನಾನೂ ಓದುತ್ತೇನೆ. ಪಟ್ಟಿಯ ಮಾತು ಮಾತ್ರ ಬರುವುದೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

2023ರ ಮೇ 10, ವಿಧಾನಸಭೆ ಚುನಾವಣೆಯ ಮತದಾನ. ಬೂತಿನ ಹೊರಗೆ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದೆ. ಬಂದವರ ಕ್ರಮಸಂಖ್ಯೆ ಹುಡುಕಿಕೊಡುವುದು ನನ್ನ ಕೆಲಸ. ಒಬ್ಬರು ಅಜ್ಜಿ ಬಂದರು. ಸೊಂಟದ ಎಲೆಅಡಿಕೆ ಚೀಲದಿಂದ ಓಟರ್ ಐಡಿ ತೆಗೆದರು. ಅದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರು. ಪಟ್ಟಿಯಲ್ಲಿ ಅವರ ಚೌಕ ಸಿಕ್ಕಿತು. ಹೆಸರು, ವಯಸ್ಸು, ಗಂಡನ ಹೆಸರು ಎಲ್ಲ ಸರಿಯಾಗಿತ್ತು. ಅದರ ಮೇಲೆ ಅಡ್ಡಲಾಗಿ "ಡಿಲೀಟೆಡ್" ಅಂತ ಅಚ್ಚಾಗಿತ್ತು.

"ಊರು ಬಿಟ್ಟು ಹೋಗಿದ್ದೀರಿ ಅಂತ ಹೆಸರು ತೆಗೆದಿದ್ದಾರೆ ಅಜ್ಜಿ" ಎಂದೆ. ಅವರು ಜಗಳ ಮಾಡಲಿಲ್ಲ. ನನ್ನ ಮುಖವನ್ನೇ ನೋಡಿ, "ಹಂಗಾರೆ ನಾನೀಗ ಯಾವೂರೋಳವ್ವ?" ಎಂದು ಕೇಳಿದರು.

ಆ ಹೆಸರು ತೆಗೆಯಲು ವರದಿ ಕೊಟ್ಟವಳು ನಾನೇ. ಫೆಬ್ರವರಿಯಲ್ಲಿ ನನ್ನ ಫೋನಿನ ಆಪ್‌ಗೆ ಒಂದು ಫಾರಂ 7 ಬಂದಿತ್ತು. ಹೆಸರು ತೆಗೆಯಿರಿ ಎಂದು ಕೇಳುವ ಅರ್ಜಿ ಅದು. ಹೋಗಿ ನೋಡಿದೆ, ಮನೆಗೆ ಬೀಗ. ಪಕ್ಕದ ಮನೆಯವರು "ಮಗಳ ಮನೆಗೆ ಹೋಗಿ ತಿಂಗಳಾಯ್ತು" ಎಂದರು. ಅಜ್ಜಿ ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡು ಅಲ್ಲಿ ಉಳಿದಿದ್ದರು. ನಾನು ಅಷ್ಟು ದೂರ ಕೇಳಲಿಲ್ಲ. ಆ ವಾರ ಆಪ್‌ನಲ್ಲಿ ಇನ್ನೂ ಎಷ್ಟೋ ಅರ್ಜಿ ಬಾಕಿ ಇದ್ದವು, ಶಾಲೆಯಲ್ಲಿ ಪರೀಕ್ಷೆ ತಯಾರಿ ನಡೆದಿತ್ತು, ಮೇಲಿನಿಂದ ದಿನಾ ಫೋನ್ ಬರುತ್ತಿತ್ತು. "ಸ್ಥಳಾಂತರ" ಒತ್ತಿ ಕಳಿಸಿದೆ. ನೋಟಿಸ್ ಆ ಬೀಗ ಹಾಕಿದ ಬಾಗಿಲಿಗೇ ಹೋಗಿದೆ.

ಚುನಾವಣೆ ಮುಗಿದ ಮೇಲೆ ಅರ್ಜಿ ಹಾಕಿದವರು ಯಾರು ಎಂದು ನೋಡಿದೆ. ನಮ್ಮ ಬೂತಿನದೇ ಒಬ್ಬ ರೈತರ ಹೆಸರು ಇತ್ತು. ಹೊಲಕ್ಕೇ ಹೋಗಿ ಕೇಳಿದೆ. ಅವರ ಜೇಬಲ್ಲಿ ಇದ್ದಿದ್ದು ಹಳೇ ಕೀಪ್ಯಾಡ್ ಫೋನ್. "ಆ ಮುದುಕಮ್ಮನ ಓಟಿಂದ ನಂಗೇನಾಗ್ಬೇಕು ಟೀಚರೇ" ಎಂದರು. ಅರ್ಜಿಯಲ್ಲಿದ್ದ ಮೊಬೈಲ್ ನಂಬರ್ ಅವರದ್ದಾಗಿರಲಿಲ್ಲ. ಹಾಗಾದರೆ ಯಾರು ಹಾಕಿದರು? ಮೇಲೆ ಕೇಳಿದರೆ "ಆನ್‌ಲೈನ್‌ನಲ್ಲಿ ಬಂದಿದೆ" ಅನ್ನುವ ಒಂದೇ ಉತ್ತರ.

ಮೊದಲು ಕಾಗದದ ಅರ್ಜಿಗೆ ಒಂದು ಸಹಿ ಬೇಕಿತ್ತು. ಯಾರೋ ಒಬ್ಬರು ಬಸ್ ಹತ್ತಿ ಕಚೇರಿಗೆ ಬರಬೇಕಿತ್ತು, ಬಂದವರನ್ನು ನಾಲ್ಕು ಜನ ನೋಡುತ್ತಿದ್ದರು. ಈಗ ಮುಖವೇ ಇಲ್ಲದ ಅರ್ಜಿ ಬರುತ್ತದೆ. ನಿಮ್ಮಲ್ಲಿ ಕಂಪ್ಯೂಟರ್ ಗೊತ್ತಿರುವವರು, ಕಾನೂನು ಗೊತ್ತಿರುವವರು ಇದ್ದೀರಿ. ಇದನ್ನು ಹೇಗೆ ತಡೆಯಬಹುದು ಹೇಳಿ.

ಕಲಬುರಗಿ_ಕಡೆಯವ

ಟೀಚರ್, ನಿಮ್ಮದು ಒಂದು ಹೆಸರು. ನಮ್ಮ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಅದೇ ಸಮಯದಲ್ಲಿ ಬಂದ ಫಾರಂ 7 ಎಷ್ಟು ಗೊತ್ತಾ? 6,018. ಎಲ್ಲವೂ ಆನ್‌ಲೈನ್. ಪರಿಶೀಲನೆ ಮಾಡಿದಾಗ ಸರಿ ಇದ್ದದ್ದು 24 ಮಾತ್ರ. ಉಳಿದ 5,994 ತಿರಸ್ಕಾರ ಆದವು. ಅರ್ಜಿ ಹಾಕಿದವರು ಅಂತ ಯಾರ ಹೆಸರು ಇತ್ತೋ ಅವರಿಗೇ ವಿಷಯ ಗೊತ್ತಿರಲಿಲ್ಲ. ಮೊಬೈಲ್ ನಂಬರ್‌ಗಳಲ್ಲಿ ಹೊರರಾಜ್ಯದವೂ ಇದ್ದವು.

ಇದು ಸಿಕ್ಕಿಬಿದ್ದ ರೀತಿ ಕೇಳಿ. ಒಬ್ಬ ಬಿಎಲ್‌ಒ ಕೈಗೆ ಅವರ ಸ್ವಂತ ಸಂಬಂಧಿಕರ ಹೆಸರು ತೆಗೆಯುವ ಅರ್ಜಿಯೇ ಬಂತು. ಮನುಷ್ಯ ಕಣ್ಣೆದುರಿಗೇ ಓಡಾಡುತ್ತಿದ್ದಾರೆ! ಅಲ್ಲಿಂದ ಎಳೆದರೆ ಸಾವಿರಗಟ್ಟಲೆ ಹೊರಬಂತು. 2023ರ ಫೆಬ್ರವರಿಯಲ್ಲಿ ಚುನಾವಣಾ ಅಧಿಕಾರಿಗಳೇ ದೂರು ಕೊಟ್ಟರು, ಎಫ್‌ಐಆರ್ ಆಯಿತು. ಆಮೇಲೆ ಸಿಐಡಿ, 2025ರಲ್ಲಿ ಎಸ್‌ಐಟಿ. ಯಾರು ಮಾಡಿಸಿದರು ಅನ್ನುವುದನ್ನು ಕೋರ್ಟ್ ಹೇಳಲಿ, ಇಲ್ಲಿ ಪಕ್ಷದ ಜಗಳ ಬೇಡ. ನಾನು ಹೇಳುವುದು ಇಷ್ಟೇ: ಇದನ್ನು ಮೊದಲು ಹಿಡಿದದ್ದು ಊರಿನ ಮುಖ ಗೊತ್ತಿದ್ದ ಒಬ್ಬ ಮನುಷ್ಯ, ಕಂಪ್ಯೂಟರ್ ಅಲ್ಲ.

ಲಾಗ್_ನೋಡುವವ

ನಾನು ಬೆಂಗಳೂರಲ್ಲಿ ಸೈಬರ್ ಸೆಕ್ಯುರಿಟಿ ಕೆಲಸ ಮಾಡುತ್ತೇನೆ. ದಿನಾ ಲಾಗ್, ಅಂದರೆ ಕಂಪ್ಯೂಟರಿನಲ್ಲಿ ಯಾವಾಗ ಏನು ನಡೆಯಿತು ಅನ್ನುವ ದಾಖಲೆ, ನೋಡುವುದೇ ಹೊಟ್ಟೆಪಾಡು. ಟೀಚರ್ ಬರೆದದ್ದರಲ್ಲಿ ಎರಡು ವಿಷಯ ಬಿಡಿಸಿ ಹೇಳಬೇಕು.

ಮೊದಲನೆಯದು ಓಟಿಪಿ. ನಾವೆಲ್ಲ ಓಟಿಪಿ ಅಂದರೆ ಸಹಿ ಅಂದುಕೊಂಡಿದ್ದೇವೆ. ಅಲ್ಲ. ಓಟಿಪಿ ಹೇಳುವುದು ಒಂದೇ ಮಾತು, ಈ ನಂಬರಿಗೆ ಬಂದ ಮೆಸೇಜನ್ನು ಯಾರೋ ಓದಿದ್ದಾರೆ ಅಂತ. ಆ ಯಾರೋ ಅಂದರೆ ಆ ರೈತರೇ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಯಾವುದೋ ನಂಬರಿನಲ್ಲಿ ಲಾಗಿನ್ ಆಗಿ, ಅರ್ಜಿದಾರರ ಜಾಗದಲ್ಲಿ ಪಟ್ಟಿಯಲ್ಲಿರುವ ಇನ್ಯಾರದ್ದೋ ಹೆಸರು ಮತ್ತು ಎಪಿಕ್ ಸಂಖ್ಯೆ (ಓಟರ್ ಐಡಿ ನಂಬರ್) ತುಂಬಲು ದಾರಿ ಇದ್ದರೆ ಕಥೆ ಮುಗಿಯಿತು. ಬೀಗ ಗಟ್ಟಿಯಾಗಿದೆ, ಹಾಕಿರುವುದು ಪಕ್ಕದ ಮನೆ ಬಾಗಿಲಿಗೆ.

2025ರ ಸೆಪ್ಟೆಂಬರಿನಲ್ಲಿ ಚುನಾವಣಾ ಆಯೋಗ ಇ-ಸೈನ್ ತಂದಿತು. ಈಗ ಆನ್‌ಲೈನ್ ಅರ್ಜಿಗೆ ಆಧಾರ್ ಜೊತೆ ಜೋಡಿಸಿದ ನಂಬರಿಗೆ ಓಟಿಪಿ ಬರಬೇಕು. ಒಳ್ಳೆಯದೇ. ಆಳಂದದ ಅರ್ಜಿಗಳು ಬಂದು ಎರಡೂವರೆ ವರ್ಷ ಆದ ಮೇಲೆ ಬಂತು ಅನ್ನುವುದೇ ಬೇಸರ.

ಎರಡನೆಯದು, ಯಾರು ಹಾಕಿದರು ಎಂದು ಹುಡುಕುವುದು. "ಐಪಿ ವಿಳಾಸ ಇದೆಯಲ್ಲ, ಹಿಡಿಯಿರಿ" ಅನ್ನುತ್ತಾರೆ ಜನ. ಮೊಬೈಲ್ ಇಂಟರ್ನೆಟ್‌ನಲ್ಲಿ ಒಂದೇ ಐಪಿ ವಿಳಾಸವನ್ನು ಒಂದೇ ಹೊತ್ತಿಗೆ ನೂರಾರು ಫೋನುಗಳು ಹಂಚಿಕೊಂಡಿರುತ್ತವೆ. ವಠಾರದ ವಿಳಾಸ ಕೊಟ್ಟು ಮನೆ ನಂಬರ್ ಕೊಡದ ಹಾಗೆ. ಮನೆ ನಂಬರ್ ಬೇಕಾದರೆ ಪೋರ್ಟ್ ನಂಬರ್ ಬೇಕು, ಯಾವ ಸರ್ವರ್‌ಗೆ ಸಂಪರ್ಕ ಆಯಿತು ಅನ್ನುವುದು ಬೇಕು, ಸೆಕೆಂಡಿನ ತನಕ ಸಮಯ ಬೇಕು. ಆಳಂದದ ತನಿಖೆಯಲ್ಲಿ ಸಿಐಡಿ ಪದೇಪದೇ ಪತ್ರ ಬರೆದು ಕೇಳಿದ್ದೂ ಇಂಥ ವಿವರಗಳನ್ನೇ. ಇನ್ನೊಂದು ಗೊತ್ತಿರಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಆರು ತಿಂಗಳು. ನಮ್ಮಲ್ಲಿ ತನಿಖೆ ಎಷ್ಟು ವರ್ಷ ನಡೆಯುತ್ತದೆ ನಿಮಗೇ ಗೊತ್ತು. ಸಾಕ್ಷಿ ಮೊದಲು ಸಾಯುತ್ತದೆ.

ನಿವೃತ್ತ_ಪೋಸ್ಟ್‌ಮಾಸ್ಟರ್

ಎಲ್ಲ ಸರಿ ಟೀಚರಮ್ಮ. ಆದರೆ ನನಗೆ ಇದಕ್ಕಿಂತ ಜಾಸ್ತಿ ಭಯ ಇವಿಎಂದು. ಪಟ್ಟಿಯಲ್ಲಿ ಹೆಸರಿದ್ದು, ಹೋಗಿ ಒತ್ತಿ ಬಂದರೂ ಒಳಗೆ ಏನಾಗುತ್ತದೆ ಯಾರಿಗೆ ಗೊತ್ತು? ಜೊತೆಗೆ ಈಗ ಎಐ ಧ್ವನಿ ಬೇರೆ. ಮೊನ್ನೆ ಮೊಮ್ಮಗ ನನ್ನದೇ ಧ್ವನಿ ಮಾಡಿ ಕೇಳಿಸಿದ. ನನಗೇ ನನ್ನ ಗುರುತು ಸಿಗಲಿಲ್ಲ.

ಬಯಲುಸೀಮೆ_ಟೀಚರ್

ಸರ್, ಮಷೀನ್ ಬಗ್ಗೆ ಪ್ರಶ್ನೆ ಕೇಳುವುದು ತಪ್ಪಲ್ಲ. ನಾನು ಕಂಡದ್ದನ್ನು ಹೇಳುತ್ತೇನೆ. ಮತದಾನದ ದಿನ ಬೆಳಿಗ್ಗೆ ಅಭ್ಯರ್ಥಿಗಳ ಏಜೆಂಟರ ಎದುರು ಕನಿಷ್ಠ 50 ಮತ ಹಾಕಿ ಅಣಕು ಮತದಾನ ಮಾಡುತ್ತಾರೆ. ಎಣಿಸಿ ತೋರಿಸಿ, ಅಳಿಸಿ, ಸೀಲ್ ಹಾಕುತ್ತಾರೆ. ಆ ಸೀಲಿನ ಮೇಲೆ ಏಜೆಂಟರೂ ಸಹಿ ಹಾಕುತ್ತಾರೆ. ಮತ ಹಾಕಿದಾಗ, ಯಾರಿಗೆ ಬಿತ್ತು ಎಂದು ತೋರಿಸುವ ವಿವಿಪ್ಯಾಟ್ ಚೀಟಿ 7 ಸೆಕೆಂಡ್ ಕಾಣುತ್ತದೆ. ಸಂಜೆ ಫಾರಂ 17ಸಿಯಲ್ಲಿ ಒಟ್ಟು ಎಷ್ಟು ಮತ ಬಿತ್ತು ಎಂದು ಬರೆದು ಪ್ರತಿ ಏಜೆಂಟರಿಗೂ ಒಂದು ಪ್ರತಿ ಕೊಡುತ್ತಾರೆ. ಇಷ್ಟು ಸಾಕಾ, ಚೀಟಿಗಳನ್ನು ಇನ್ನೂ ಜಾಸ್ತಿ ಎಣಿಸಬೇಕಾ ಅನ್ನುವುದು ಬೇರೆ ವಾದ. ಆದರೆ ಆ ಕೋಣೆಯಲ್ಲಿ ಬೇರೆಬೇರೆ ಪಕ್ಷದವರು ಇರುತ್ತಾರೆ, ಒಬ್ಬರ ಮೇಲೆ ಒಬ್ಬರಿಗೆ ಅನುಮಾನ ಇರುತ್ತದೆ, ಆ ಅನುಮಾನವೇ ಕಾವಲು.

ಫೆಬ್ರವರಿಯ ಆ ಮಧ್ಯಾಹ್ನ ಬೀಗ ಹಾಕಿದ ಮನೆ ಮುಂದೆ ನಾನು ಬಟನ್ ಒತ್ತಿದಾಗ ನನ್ನ ಪಕ್ಕ ಯಾರೂ ಇರಲಿಲ್ಲ ಸರ್.

ಧಾರವಾಡ_ವಕೀಲ

ಟೀಚರ್ ಹೇಳಿದ ಕೊನೆಯ ಮಾತು ಕಾನೂನಿನಲ್ಲೂ ಮುಖ್ಯ. ಸಂವಿಧಾನದ 326ನೇ ವಿಧಿ ವಯಸ್ಕರಿಗೆಲ್ಲ ಮತದಾನದ ಆಧಾರ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆ ದಿನ ಬೂತಿನಲ್ಲಿ ಯಾವ ವಿಧಿಯೂ ನೆರವಿಗೆ ಬರುವುದಿಲ್ಲ. ಅದಕ್ಕೇ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೇ ಸೆಕ್ಷನ್, ಊರು ಬಿಟ್ಟಿದ್ದಾರೆ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮುಂಚೆ ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶ ಕೊಡಲೇಬೇಕು ಎನ್ನುತ್ತದೆ. ಬೀಗದ ಬಾಗಿಲಿಗೆ ಅಂಟಿಸಿದ ನೋಟಿಸ್ ಆ ಅವಕಾಶ ಆಗುತ್ತದಾ? ನನ್ನ ಪ್ರಕಾರ ಇಲ್ಲ. ಟೀಚರ್, ನೀವು ಒಬ್ಬರೇ ತಪ್ಪು ಹೊತ್ತುಕೊಳ್ಳಬೇಡಿ. ನೀವು ಕೊಟ್ಟದ್ದು ವರದಿ. ತೆಗೆಯುವ ಆದೇಶ ನೋಂದಣಿ ಅಧಿಕಾರಿಯದ್ದು.

ಇನ್ನೊಂದು ಉದಾಹರಣೆ. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯಲ್ಲಿ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗೆ ಉಳಿದವು. ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಹೇಳಿದ್ದೇನು? ಬಿಟ್ಟುಹೋದ ಹೆಸರುಗಳನ್ನು ಕಾರಣದ ಜೊತೆ ಪ್ರಕಟಿಸಿ, ವೆಬ್‌ಸೈಟಿನಲ್ಲಿ ಹುಡುಕಲು ಆಗುವಂತೆ ಇಡಿ, ಪಂಚಾಯಿತಿ ಕಚೇರಿಗಳಲ್ಲೂ ಅಂಟಿಸಿ ಅಂತ. ಗೋಡೆಗೆ ಒಂದು ಪಟ್ಟಿ ಅಂಟಿಸಲು ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯಿತು.

ಲಾಗ್_ನೋಡುವವ

ಅದನ್ನೇ ನಾನು ವರ್ಷಗಳಿಂದ ಹೇಳುತ್ತಿರುವುದು. ಪೂರ್ತಿ ಪಟ್ಟಿಯನ್ನೇ ಕಂಪ್ಯೂಟರ್ ಓದುವ ರೂಪದಲ್ಲಿ ಕೊಡಲಿ. ಈಗ ಕೊಡುವುದು ಫೋಟೊ ತೆಗೆದಂಥ ಪಿಡಿಎಫ್. ಹುಡುಕಲು ಆಗುವುದಿಲ್ಲ, ಕಳೆದ ತಿಂಗಳ ಪಟ್ಟಿ ಜೊತೆ ಹೋಲಿಸಲು ಆಗುವುದಿಲ್ಲ. ಸರಿಯಾದ ಫೈಲ್ ಕೊಟ್ಟರೆ ಯಾವ ಬೂತಿನಲ್ಲಿ ಒಂದೇ ವಾರ ನೂರು ಹೆಸರು ಹೋಯಿತು ಎಂದು ಕಾಲೇಜು ಹುಡುಗರೂ ಹೇಳಿಬಿಡುತ್ತಾರೆ.

ಮಲೆನಾಡ_ಹುಡುಗಿ

ಅಣ್ಣಾ, ಸ್ವಲ್ಪ ನಿಲ್ಲಿ. ಆ ಫೈಲಿನಲ್ಲಿ ನಾನೂ ಇದ್ದೇನೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಲ್ಲಿ ಒಂದು ರೂಮ್ ಮಾಡಿಕೊಂಡು ಒಬ್ಬಳೇ ಇದ್ದೆ. ಒಂದು ಭಾನುವಾರ ಇಬ್ಬರು ಬಂದರು. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಪಟ್ಟಿ. "ಓಟರ್ ಲಿಸ್ಟ್ ಕಡೆಯಿಂದ" ಎಂದರು. ನನ್ನ ಹೆಸರು, ವಯಸ್ಸು, ಅಪ್ಪನ ಹೆಸರು ಅವರೇ ಓದಿದರು. ಅದನ್ನು ಕೇಳಿ ಸರ್ಕಾರದವರೇ ಇರಬೇಕು ಎಂದು ನಂಬಿದೆ. ಆಮೇಲೆ ಫೋನ್ ನಂಬರ್ ಕೇಳಿದರು, ಕೊಟ್ಟೆ. ಆಧಾರ್ ಕೇಳಿದರು, ಕೊಟ್ಟೆ. ಜಾತಿ ಕೇಳಿದಾಗ ಮಾತ್ರ "ಅದು ಯಾಕೆ?" ಎಂದೆ. ಒಬ್ಬ ಇನ್ನೊಬ್ಬನ ಮುಖ ನೋಡಿದ. ಬೇಡ ಬಿಡಿ ಎಂದು ಹೊರಟುಹೋದರು. ಅವರು ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ವಾರಗಟ್ಟಲೆ ಬಾಗಿಲು ಬಡಿದರೆ ಎದೆ ಧಸಕ್ ಅನ್ನುತ್ತಿತ್ತು.

2022ರ ನವೆಂಬರಿನಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಹಗರಣ ಹೊರಬಂದಾಗ ನನಗೆ ಆ ಭಾನುವಾರವೇ ನೆನಪಾಯಿತು. ಜಾಗೃತಿ ಮೂಡಿಸಲು ಅನುಮತಿ ಪಡೆದಿದ್ದ ಖಾಸಗಿ ಸಂಸ್ಥೆಯ ಜನ ಬಿಎಲ್‌ಒ ಅಂತ ಹೇಳಿಕೊಂಡು ಮನೆಮನೆ ಮಾಹಿತಿ ಸಂಗ್ರಹಿಸಿದ್ದರು ಎಂಬ ಆರೋಪ. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಆಯೋಗ ಹೇಳಿತು. ಹಿರಿಯ ಅಧಿಕಾರಿಗಳು ಅಮಾನತಾದರು. ಪಟ್ಟಿ ಎಲ್ಲರ ಕೈಗೂ ಸುಲಭವಾಗಿ ಸಿಗಬೇಕು ಅನ್ನುವಾಗ, ಯಾರ ಕೈಗೆ ಅನ್ನುವುದನ್ನೂ ಯೋಚಿಸಿ. ಫೋನ್ ನಂಬರ್, ಜಾತಿ, ವಯಸ್ಸು ಒಟ್ಟಿಗೆ ಇದ್ದರೆ ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಕಳಿಸಬಹುದು. ಪೋಸ್ಟ್‌ಮಾಸ್ಟರ್ ಸರ್ ಹೇಳಿದ ಎಐ ಧ್ವನಿಗೆ ಮೊದಲು ಬೇಕಾಗಿರುವುದೂ ಆ ನಂಬರೇ.

ಲಾಗ್_ನೋಡುವವ

ತಂಗಿ, ನೀವು ಹೇಳಿದ್ದು ತಟ್ಟಿತು. ನಾನು ಪಟ್ಟಿಯನ್ನು ಡೇಟಾ ಅಂತಷ್ಟೇ ನೋಡುತ್ತಿದ್ದೆ. ನೀವು ಅಂದದ್ದು ಖಂಡಿತ ಆಗಿರುವಂಥದ್ದೇ. 2024ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಆಗಿನ ಅಧ್ಯಕ್ಷ ಬೈಡನ್ ಧ್ವನಿಯನ್ನು ಎಐನಿಂದ ಮಾಡಿ, ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿ ಆರಿಸುವ ಚುನಾವಣೆ) ಮತ ಹಾಕಬೇಡಿ ಎಂದು ಮತದಾರರಿಗೆ ಫೋನ್ ಮಾಡಿಸಿದರು. ಮಾಡಿಸಿದವರಿಗೆ ಅಲ್ಲಿನ ಸಂಪರ್ಕ ಆಯೋಗ 60 ಲಕ್ಷ ಡಾಲರ್ ದಂಡ ಹಾಕಿತು. ಧ್ವನಿ ಮಾಡುವುದು ಈಗ ಕಷ್ಟವಲ್ಲ. ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿಯೇ ಬಂಡವಾಳ.

ಹಾಗಾದರೆ ಪೂರ್ತಿ ಪಟ್ಟಿ ಬೇಡ. ತೆಗೆದ ಮತ್ತು ಸೇರಿಸಿದ ಹೆಸರುಗಳ ಎಣಿಕೆಯನ್ನು ಬೂತುವಾರು, ವಾರವಾರ ಪ್ರಕಟಿಸಲಿ. ಒಂದೇ ಫೋನಿನಿಂದ, ಒಂದೇ ಐಪಿಯಿಂದ ಎಷ್ಟು ಅರ್ಜಿ ಬಂತು ಅನ್ನುವುದನ್ನು ನಂಬರ್ ಮುಚ್ಚಿಟ್ಟು ಹೇಳಲಿ. ಯಾರ ಗುಟ್ಟೂ ಹೊರಬರುವುದಿಲ್ಲ, ಆಳಂದದಂಥದ್ದು ಮರೆಯಾಗಿಯೂ ಇರುವುದಿಲ್ಲ.

ಧಾರವಾಡ_ವಕೀಲ

ನೀವಿಬ್ಬರೂ ವಾದ ಮಾಡುತ್ತಿರುವುದು ದೊಡ್ಡ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಲ್ಲಿ ಆಧಾರ್ ಬಗ್ಗೆ ಪ್ರಶ್ನೆ ಎತ್ತಿದರು. ನನಗೆ ಅವರ ಬಗ್ಗೆ ತುಂಬಾ ಗೌರವ.

ಆದರೆ ಖಾಸಗಿತನದ ಹೆಸರಲ್ಲಿ ಅಧಿಕಾರದವರು ತಮ್ಮ ಕೆಲಸವನ್ನೇ ಮುಚ್ಚಿಡುವುದೂ ಇದೆ. 2024ರ ಡಿಸೆಂಬರಿನಲ್ಲಿ ಚುನಾವಣಾ ನಿಯಮ 93ಕ್ಕೆ ತಿದ್ದುಪಡಿ ಆಯಿತು. ಬೂತಿನ ಸಿಸಿಟಿವಿಯಂಥ ಎಲೆಕ್ಟ್ರಾನಿಕ್ ದಾಖಲೆಗಳನ್ನು ಸಾರ್ವಜನಿಕರು ಕೇಳಿ ನೋಡುವ ದಾರಿ ಅಲ್ಲಿಗೆ ಮುಚ್ಚಿತು. ಮತದಾರರ ಖಾಸಗಿತನ ಎಂದು ಕಾರಣ ಕೊಟ್ಟರು. ಮತದಾರರ ಮುಖ ಮುಚ್ಚಿಟ್ಟು ಅಧಿಕಾರಿಗಳು ಏನು ಮಾಡಿದರು ಎಂದು ತೋರಿಸಲು ಆಗುವುದಿಲ್ಲವೇ? ನನಗೆ ಆಗುತ್ತದೆ ಅನಿಸುತ್ತದೆ. ಆ ಹುಡುಗಿಯ ವಿವರ ಅವಳದ್ದು. ಸರ್ವರ್ ಲಾಗ್ ನಮ್ಮೆಲ್ಲರದ್ದು.

ಸ್ಟುಟ್‌ಗಾರ್ಟ್_ಕನ್ನಡಿಗ

ಹಾಸನ ಕಡೆಯವನು, ಜರ್ಮನಿಯಲ್ಲಿದ್ದೇನೆ. ಇಲ್ಲಿ ನನಗೆ ಮತ ಇಲ್ಲ. 2025ರ ಫೆಬ್ರವರಿ 23ರ ಚುನಾವಣೆಯ ಸಂಜೆ ಸಹೋದ್ಯೋಗಿ ಒಬ್ಬರು ಎಣಿಕೆ ಕೆಲಸಕ್ಕೆ ಹೋಗಿದ್ದರು, ನನ್ನನ್ನೂ ನೋಡಲು ಕರೆದರು. ಒಂದು ಶಾಲೆಯ ಕೋಣೆ. ಆರು ಗಂಟೆಗೆ ಮತದಾನ ಮುಗಿಯಿತು, ಪೆಟ್ಟಿಗೆ ಮೇಜಿನ ಮೇಲೆ ಸುರಿದರು. ಕಾಗದದ ಮತಪತ್ರ, ಬಿಡಿಸಿದರೆ ಉದ್ದದ ಹಾಳೆ. ಗುಡ್ಡೆ ಮಾಡಿ, ಎಣಿಸಿ, ಇನ್ನೊಬ್ಬರು ಮತ್ತೆ ಎಣಿಸಿದರು. ಎರಡು ಸಲದ ಲೆಕ್ಕದಲ್ಲಿ ಒಂದು ಮತ ಹೆಚ್ಚುಕಡಿಮೆ ಬಂತು. ಮತ್ತೆ ಮೊದಲಿಂದ ಎಣಿಸಿದರು. ನಾನು ಹೊರಗಿನವ, ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಯಾರೂ ಎದ್ದು ಹೋಗು ಅನ್ನಲಿಲ್ಲ, ಎಣಿಕೆ ಯಾರು ಬೇಕಾದರೂ ನೋಡಬಹುದು.

ಇಲ್ಲಿಯೂ ಮಷೀನ್ ಇದ್ದವು. 2009ರ ಮಾರ್ಚ್ 3ರಂದು ಇಲ್ಲಿನ ಸಂವಿಧಾನ ನ್ಯಾಯಾಲಯ, 2005ರ ಚುನಾವಣೆಯಲ್ಲಿ ಆ ಮಷೀನ್ ಬಳಸಿದ್ದು ಸಂವಿಧಾನಕ್ಕೆ ಸರಿಯಲ್ಲ ಎಂದಿತು. ಮೋಸ ಆಗಿದೆ ಎಂದು ಹೇಳಲಿಲ್ಲ, ಆ ಚುನಾವಣೆಯನ್ನೂ ರದ್ದು ಮಾಡಲಿಲ್ಲ. ಚುನಾವಣೆಯ ಮುಖ್ಯ ಹಂತಗಳನ್ನು ವಿಶೇಷ ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ಮನುಷ್ಯನೂ ಪರೀಕ್ಷಿಸಲು ಆಗಬೇಕು, ಅದು ಆಗಲಿಲ್ಲ ಅನ್ನುವುದೇ ಕಾರಣ. ನಮ್ಮಷ್ಟು ದೊಡ್ಡ ದೇಶಕ್ಕೆ ಕಾಗದ ಸರಿಯೋ ಇಲ್ಲವೋ ನಾನು ಹೇಳಲಾರೆ. ಆದರೆ ಆ ಅಳತೆಗೋಲು ಟೀಚರ್ ಕೇಳಿದ ಪ್ರಶ್ನೆಗೂ ಸರಿಹೊಂದುತ್ತದೆ. ಅಜ್ಜಿಯ ಹೆಸರು ಯಾಕೆ ಹೋಯಿತು ಎಂದು ಅಜ್ಜಿಗೇ ಗೊತ್ತಾಗಬೇಕು, ಅಲ್ವಾ?

ಇನ್ನೊಂದು ವಿಷಯ. ಇಲ್ಲಿ ನಾಗರಿಕರು ಮತದಾರರಾಗಲು ಅರ್ಜಿ ಹಾಕುವುದಿಲ್ಲ. ವಾಸದ ವಿಳಾಸ ನೋಂದಾಯಿಸಿದ್ದರೆ ಸಾಕು, ಚುನಾವಣೆಗೆ ಮುಂಚೆ ಮನೆಗೆ ಪತ್ರ ಬರುತ್ತದೆ. ಪತ್ರ ಬರಲಿಲ್ಲ ಅಂದರೆ ವಿಚಾರಿಸಲು ಆಗಲೇ ಗೊತ್ತಾಗುತ್ತದೆ, ಮತದಾನದ ದಿನ ಮರದ ಕೆಳಗೆ ಅಲ್ಲ.

ನಿವೃತ್ತ_ಪೋಸ್ಟ್‌ಮಾಸ್ಟರ್

ಪತ್ರ ಅಂದಿರಲ್ಲ, ನನಗೆ ಗೊತ್ತಿರುವ ವಿಷಯ ಬಂತು. ಹೆಸರು ತೆಗೆಯುವ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ರಿಜಿಸ್ಟರ್ ಮಾಡಿ ಕಳಿಸಲಿ. ಬಾಗಿಲು ಹಾಕಿದ್ದರೆ ಪೋಸ್ಟ್‌ಮ್ಯಾನ್ "ಮನೆಗೆ ಬೀಗ" ಎಂದು ಬರೆಯುತ್ತಾನೆ. ಊರು ಬಿಟ್ಟವರಾದರೆ "ವಿಳಾಸದಾರರು ಊರು ಬಿಟ್ಟಿದ್ದಾರೆ" ಎಂದು ಬರೆಯುತ್ತಾನೆ. ಎರಡೂ ಬೇರೆ. ಹಳ್ಳಿ ಪೋಸ್ಟ್‌ಮ್ಯಾನ್‌ಗೆ ಆ ವ್ಯತ್ಯಾಸ ಗೊತ್ತಿರುತ್ತದೆ. ಪಿಂಚಣಿ ಮನಿಯಾರ್ಡರ್ ಕೊಡುತ್ತಿದ್ದವನು ಅವನೇ, ಅಜ್ಜಿ ಮಗಳ ಮನೆಗೆ ಹೋಗಿದ್ದಾಳೋ ಊರೇ ಬಿಟ್ಟಳೋ ಅವನನ್ನು ಕೇಳಿದ್ದರೆ ಹೇಳುತ್ತಿದ್ದ.

ಬಯಲುಸೀಮೆ_ಟೀಚರ್

ಸರ್, ಈ ಮಾತು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಆಪ್‌ನಲ್ಲಿ "ಮನೆಗೆ ಬೀಗ, ಮತ್ತೆ ಹೋಗಬೇಕು" ಎಂದು ಬರೆಯಲು ಒಂದು ಜಾಗ ಇದ್ದಿದ್ದರೆ ನಾನು ಅದನ್ನೇ ಒತ್ತುತ್ತಿದ್ದೆ.

ಅಜ್ಜಿ ಏನಾದರು ಎಂದು ಇಬ್ಬರು ಮೆಸೇಜ್ ಮಾಡಿ ಕೇಳಿದ್ದೀರಿ. ಅವರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ, ತಪ್ಪು ನನ್ನದೂ ಹೌದು ಎಂದೆ. ಹೆಸರು ಸೇರಿಸುವ ಅರ್ಜಿ, ಫಾರಂ 6, ನಾನೇ ತುಂಬಿಸಿದೆ. ಫೋಟೊ ತೆಗೆಯುವಾಗ ತಲೆ ಬಾಚಿಕೊಂಡು ಬರುತ್ತೇನೆ ಎಂದು ಒಳಗೆ ಹೋದರು. ಲೋಕಸಭೆ ಚುನಾವಣೆಯಲ್ಲಿ ಮತ ಹಾಕಿದರು. ವಿಧಾನಸಭೆಯ ಆ ಒಂದು ಮತ ಹೋದದ್ದು ಹೋಯಿತು.

ಈಗ ನಾನು ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಯಾವ ಫಾರಂ 7 ಬಂದರೂ, ಅರ್ಜಿ ಹಾಕಿದವರ ಮನೆಗೆ ಮೊದಲು ಹೋಗಿ "ನೀವೇ ಹಾಕಿದಿರಾ?" ಎಂದು ಕೇಳುತ್ತೇನೆ. ಆ ತಿಂಗಳು ತೆಗೆಯಲು ಬಂದ ಹೆಸರುಗಳನ್ನು ಕಾಗದದಲ್ಲಿ ಬರೆದು ಹಾಲಿನ ಡೇರಿ ಗೋಡೆಗೆ ಅಂಟಿಸುತ್ತೇನೆ. ಬೆಳಿಗ್ಗೆ ಸಂಜೆ ಎಲ್ಲರೂ ಅಲ್ಲಿಗೆ ಬರುತ್ತಾರೆ. ಹೋದ ವರ್ಷ, ಸತ್ತಿದ್ದಾರೆ ಅಂತ ಅರ್ಜಿ ಬಂದಿದ್ದ ಒಬ್ಬರು ಆ ಕಾಗದವನ್ನು ತಾವೇ ಓದಿ ನನಗೆ ಫೋನ್ ಮಾಡಿದರು.

ಕಲಬುರಗಿ_ಕಡೆಯವ

ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿರಿ ಟೀಚರ್. ಓದಲು ಬರದವರೂ ಕೇಳುತ್ತಾರೆ. ನಮ್ಮೂರಲ್ಲಿ ನಾನು ಪಂಚಾಯಿತಿಗೆ ಅರ್ಜಿ ಕೊಡುತ್ತೇನೆ.

ಮಲೆನಾಡ_ಹುಡುಗಿ

ಇದನ್ನೆಲ್ಲ ಓದುತ್ತಾ ಊರಿನ ಪಟ್ಟಿ ತೆಗೆದು ನೋಡಿದೆ ಅಕ್ಕ. ಅಪ್ಪನ ಹೆಸರು ಇದೆ. ಅಮ್ಮನದ್ದು ಸಿಗುತ್ತಿಲ್ಲ. ಅಮ್ಮ ಹೋದ ಸಲ ಮತ ಹಾಕಿದ್ದಾರೆ, ನನಗೆ ನೆನಪಿದೆ.

ಬಯಲುಸೀಮೆ_ಟೀಚರ್

ಗಾಬರಿ ಬೇಡ. ಹೆಸರು ಹಾಕಿ ಹುಡುಕಬೇಡಿ, ಕಾಗುಣಿತ ಸ್ವಲ್ಪ ಬೇರೆಯಾದರೂ ಸಿಗುವುದಿಲ್ಲ. ಕಾರ್ಡಿನ ಮೇಲಿರುವ ಎಪಿಕ್ ಸಂಖ್ಯೆ ಹಾಕಿ ನೋಡಿ. ಮೂರು ಇಂಗ್ಲಿಷ್ ಅಕ್ಷರ, ಆಮೇಲೆ ಏಳು ಅಂಕಿ.

ಮಲೆನಾಡ_ಹುಡುಗಿ

ಅಮ್ಮನಿಗೆ ಫೋನ್ ಮಾಡಿ ಕೇಳಿ ಹಾಕಿದೆ. ಸಿಗುತ್ತಿಲ್ಲ ಅಕ್ಕ. ಎರಡು ಸಲ ನೋಡಿದೆ.

ಬಯಲುಸೀಮೆ_ಟೀಚರ್

ಸರಿ. ನಾಳೆ ಬೆಳಿಗ್ಗೆ ಅಮ್ಮ ನಿಮ್ಮ ಬೂತಿನ ಬಿಎಲ್‌ಒ ಹತ್ತಿರ ಹೋಗಲಿ, ಕಾರ್ಡ್ ತೆಗೆದುಕೊಂಡು. ಯಾವ ಕಾರಣಕ್ಕೆ, ಯಾರ ಅರ್ಜಿಯ ಮೇಲೆ ತೆಗೆದರು ಎಂದು ಬರವಣಿಗೆಯಲ್ಲಿ ಕೇಳಲಿ. ಫಾರಂ 6 ಅವತ್ತೇ ಕೊಟ್ಟು ಸ್ವೀಕೃತಿ ಪಡೆಯಲಿ. ಒಬ್ಬರನ್ನೇ ಕಳಿಸಬೇಡಿ, ಅಪ್ಪನೂ ಹೋಗಲಿ. ಏನಾಯಿತು ಎಂದು ನಾಳೆ ಸಂಜೆ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.